ಬೆಣ್ಣೆ ಚಾವಡಿಯ ದೊರೆ

ಬೀರೂರಿನಿಂದ ಅಜ್ಜಂಪುರದ ಕಡೆಗೆ ರೈಲಿನಲ್ಲಿ ಹೋಗುವವರು ಬೇಸಗೆಯ ದಿನಗಳಲ್ಲಿ ಕಿಟಕಿಯ ಹೊರಗೆ ನೋಡಿದರೆ, ಮರಗಳು ವಿರಳವಾದ, ಹುಲ್ಲು ಒಣಗಿ ಹಳದಿಗಟ್ಟಿದ ಬಯಲುಗಳನ್ನು ಕಾಣುತ್ತಾರೆ. ಪರಸ್ಥಳದವರ ಕಣ್ಣಿಗೆ ಅದು ಬರಡು ನೆಲ. ಕಡೂರು, ತರೀಕೆರೆ, ಅಜ್ಜಂಪುರಗಳ ಜನ ಅದನ್ನು ಕಾವಲು ಎನ್ನುತ್ತಾರೆ. ಬೂದುಬಣ್ಣದ ಮೈ, ಉದ್ದನೆಯ ಮುಖ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪಾದ ಕೊಂಬುಗಳ ಅಮೃತಮಹಲ್ ರಾಸುಗಳು ಈ ಕಾವಲುಗಳಲ್ಲಿ ಈಗಲೂ ಮೇಯುತ್ತವೆ. ಆ ತಳಿಯನ್ನು ಉಳಿಸಿಕೊಂಡು ಬರುವ ಸರ್ಕಾರದ ಕೇಂದ್ರವು ಅಜ್ಜಂಪುರದಲ್ಲಿದೆ. ಈ ರಾಸುಗಳ ಪೂರ್ವವೃತ್ತಾಂತವನ್ನು ಹುಡುಕುತ್ತ ಹಿಂದೆ ಹಿಂದೆ ಹೋದರೆ, ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ನಮಗೆ ಎದುರಾಗುವ ವ್ಯಕ್ತಿ ಮೈಸೂರಿನ ಚಿಕ್ಕದೇವರಾಜ ಒಡೆಯ.

ಆತನ ಜೀವನವನ್ನು ನಾನು ಮತ್ತೆ ಓದುವಂತಾದುದು ತೀರ ಲೌಕಿಕವಾದ ಒಂದು ಕಾರಣದಿಂದ. ನಮ್ಮ ಊರಿನ ಕೆಲವರು ಗೃಹಸ್ಥರು ವಂತಿಗೆ ಎತ್ತಿ, ದಿಕ್ಕಿಲ್ಲದ ದನಗಳಿಗೆ ಒಂದು ಆಶ್ರಯವನ್ನು ನಡೆಸುತ್ತಾರೆ. ಗೇಯಲಾರದ ಮುದಿ ಎತ್ತು, ಗೊಡ್ಡು ಹಸು, ಲಾರಿಯ ಕೆಳಗೆ ಸಿಕ್ಕಿ ಕಾಲು ಮುರಿದುಕೊಂಡ ಕರು, ಇಂಥವೇ ಅಲ್ಲಿನ ನಿವಾಸಿಗಳು. ಕಾಲೇಜಿನಲ್ಲಿ ಕನ್ನಡ ಹೇಳುವವನಿಗೆ ಲೆಕ್ಕ ಬಾರದಿದ್ದರೂ ಕದಿಯುವುದಂತೂ ಬಾರದು ಎಂಬ ನಂಬಿಕೆಯಿಂದಲೋ ಏನೋ, ಅದರ ಜಮಾಖರ್ಚಿನ ಪುಸ್ತಕವನ್ನು ನನ್ನ ಕೈಗೆ ಒಪ್ಪಿಸಿದರು. ಒಂದು ಬೇಸಗೆಯಲ್ಲಿ ಹುಲ್ಲಿನ ಬೆಲೆ ಏರಿತು, ವಂತಿಗೆ ಇಳಿಯಿತು. ಅಂಥ ಹೊತ್ತಿನಲ್ಲಿ ರೈತನೊಬ್ಬನು ಒಂದು ಜೊತೆ ಮುದಿ ಎತ್ತುಗಳನ್ನು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತನು. ಸೇರಿಸಿಕೊಂಡರೆ ಒಳಗಿರುವ ದನಗಳ ಬಾಯಿಂದ ಹುಲ್ಲನ್ನು ಕಸಿಯಬೇಕು. ಹಿಂದಕ್ಕೆ ಕಳುಹಿಸಿದರೆ ಆ ಎತ್ತುಗಳ ಗತಿ ಏನೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಎರಡು ದಿನ ಕಾಲಾವಕಾಶ ಬೇಕೆಂದು ನಾವು ಅವನನ್ನು ಕೇಳಿಕೊಂಡೆವು. ಆ ಎರಡು ರಾತ್ರಿ ನಾನು ಓದಿದುದು, ದನಗಳ ಪೋಷಣೆಯನ್ನು ರಾಜ್ಯದ ಒಂದು ಇಲಾಖೆಯನ್ನಾಗಿ ಮಾಡಿದ ಆ ದೊರೆಯ ಚರಿತ್ರೆಯನ್ನು.

ಕನ್ನಡದ ವಿದ್ಯಾರ್ಥಿಗಳಿಗೆ ಚಿಕ್ಕದೇವರಾಜನು ಹೊಸಬನಲ್ಲ. ಪರೀಕ್ಷೆಗಾಗಿ ಅವನ ಆಸ್ಥಾನದ ಕವಿಗಳ ಹೆಸರುಗಳನ್ನು ಬಾಯಿಪಾಠ ಮಾಡದ ಎಂ.ಎ. ವಿದ್ಯಾರ್ಥಿಯಿಲ್ಲ. ಅವನ ಬಾಲ್ಯಸ್ನೇಹಿತನೂ ಮಂತ್ರಿಯೂ ಆದ ತಿರುಮಲಾರ್ಯ, ಅವನ ತಮ್ಮನಾದ ಸಿಂಗರಾರ್ಯ, ಗ್ರಂಥಗಳನ್ನು ರಾಶಿರಾಶಿಯಾಗಿ ರಚಿಸಿದ ಚಿಕುಪಾಧ್ಯಾಯ, ಇವರೆಲ್ಲ ಆ ಆಸ್ಥಾನದವರು. ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದಾದ ಮಿತ್ರವಿಂದಾ ಗೋವಿಂದವು ಸಿಂಗರಾರ್ಯನ ಕೃತಿ. ಯಳಂದೂರಿನಿಂದ ಬಂದು, ಅರಮನೆಯಲ್ಲಿ ರಾಣಿಯ ಎಲೆಯಡಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮನು ಹದಿಬದೆಯ ಧರ್ಮವನ್ನು ಬರೆದುದೂ ಆ ಕಾಲದಲ್ಲಿಯೇ. ಅರಸನ ಹೆಸರಿನಲ್ಲಿಯೇ ಚಿಕ್ಕದೇವರಾಜ ಬಿನ್ನಪವೆಂಬ ಗದ್ಯಕೃತಿಯಿದೆ. ಅದರಲ್ಲಿ ಮೇಲುಕೋಟೆಯ ನಾರಾಯಣನಿಗೆ ಸಲ್ಲಿಸಿದ ಮೂವತ್ತು ಬಿನ್ನಪಗಳಿವೆ. ಅದು ಅರಸನದೋ ತಿರುಮಲಾರ್ಯನದೋ ಎಂಬ ಚರ್ಚೆ ವಿದ್ವಾಂಸರಲ್ಲಿ ಉಂಟು. ನಾನೂ ಅನೇಕ ವರ್ಷ ಈ ಚರ್ಚೆಯನ್ನೇ ತರಗತಿಯಲ್ಲಿ ಒಪ್ಪಿಸಿಕೊಂಡು ಬಂದೆ. ಈ ಅರಸನಿಗೆ ಕಾವ್ಯದ ಜೊತೆಗೆ ಹುಲ್ಲಿನ ಚಿಂತೆಯೂ ಇದ್ದಿತೆಂಬ ಕಡೆಗೆ ನನ್ನ ಗಮನ ಹರಿದುದೇ ಇಲ್ಲ.

ಚಿಕ್ಕದೇವರಾಜನು ಹುಟ್ಟಿದುದು ೧೬೪೫ರಲ್ಲಿ. ಪಟ್ಟಕ್ಕೆ ಬಂದಾಗ ಅವನಿಗೆ ಇಪ್ಪತ್ತೇಳು ವರ್ಷ. ಅದು ೧೬೭೩ನೆಯ ಇಸವಿ. ಅದಕ್ಕೆ ಮುಂಚೆ ಅವನು ತನ್ನ ಯೌವನದ ಕೆಲವು ವರ್ಷಗಳನ್ನು ರಾಜಧಾನಿಯಿಂದ ದೂರವಾಗಿ, ಇಂದಿನ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ ಕಳೆದನು. ಹಂಗಳವು ಕಾಡಿನ ಅಂಚಿನ ಊರು, ದನಕರುಗಳ ಊರು. ಅಲ್ಲಿ ಅವನ ಸಂಗಾತಿಯಾಗಿದ್ದವರಲ್ಲಿ ಮುಖ್ಯನಾದವನು ಯಳಂದೂರಿನ ಜೈನನಾದ ವಿಶಾಲಾಕ್ಷ ಪಂಡಿತ. ಅರಸುತನ ಕೈಗೆ ಬಂದ ಕೂಡಲೆ ಚಿಕ್ಕದೇವರಾಜನು ಈ ಸ್ನೇಹಿತನನ್ನು ಮರೆಯದೆ ಮಂತ್ರಿಯ ಪದವಿಯಲ್ಲಿ ಕೂರಿಸಿದನು. ಕಾಯುವುದನ್ನು ಕಲಿತ ವಯಸ್ಸಿನಲ್ಲಿ ಮನುಷ್ಯನ ಸ್ವಭಾವ ಗಟ್ಟಿಯಾಗುತ್ತದೆ. ಅವನ ಮುಂದಿನ ಆಳ್ವಿಕೆಯಲ್ಲೆಲ್ಲ ನಾವು ಕಾಣುವ ಸಂಗ್ರಹಬುದ್ಧಿಯೂ, ಯಾವುದನ್ನೂ ಕಣ್ಣಿಂದ ಮರೆಯಾಗಗೊಡದ ಎಚ್ಚರವೂ ಆ ಹಂಗಳದ ದಿನಗಳಲ್ಲಿಯೇ ಬೇರೂರಿರಬೇಕೆಂದು ನನಗೆ ತೋರುತ್ತದೆ.

ಅವನು ಪಟ್ಟವೇರಿದ ಕಾಲ ನೆಮ್ಮದಿಯದಲ್ಲ. ಉತ್ತರದಲ್ಲಿ ಬಿಜಾಪುರದ ಬಲ ಕುಗ್ಗುತ್ತಿತ್ತು, ಮರಾಠರು ಏಳುತ್ತಿದ್ದರು, ಮೊಗಲರು ದಕ್ಷಿಣಕ್ಕೆ ಇಳಿಯುತ್ತಿದ್ದರು, ಪಶ್ಚಿಮದಲ್ಲಿ ಇಕ್ಕೇರಿಯ ನಾಯಕರಿದ್ದರು, ದಕ್ಷಿಣದಲ್ಲಿ ಮಧುರೆಯವರಿದ್ದರು. ಇವರೆಲ್ಲರ ನಡುವೆ ಚಿಕ್ಕದೇವರಾಜನು ಕೆಲವೆಡೆ ಕತ್ತಿಯನ್ನೂ ಕೆಲವೆಡೆ ಹಣವನ್ನೂ ಮುಂದುಮಾಡಿದನು. ೧೬೮೨ರಲ್ಲಿ ಮರಾಠರ ಸೈನ್ಯವು ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಾಗ ಮೈಸೂರಿನವರು ಅದನ್ನು ಹೊಡೆದು ಓಡಿಸಿದರು. ೧೬೮೭ರಲ್ಲಿ ಮೊಗಲ ಸರದಾರನಾದ ಕಾಸಿಂ ಖಾನನ ಕೈಗೆ ಬೆಂಗಳೂರು ಸಿಕ್ಕಿದಾಗ, ಚಿಕ್ಕದೇವರಾಜನು ಅದಕ್ಕಾಗಿ ಕಾದಾಡದೆ ಮೂರು ಲಕ್ಷ ರೂಪಾಯಿಗೆ ಅದನ್ನು ಕೊಂಡುಕೊಂಡನು. ಇಂದು ಅಲ್ಲಿ ಒಂದು ನಿವೇಶನಕ್ಕೆ ತೆರಬೇಕಾದ ಹಣವನ್ನು ನೆನೆದರೆ ಇದು ಅಗ್ಗದ ವ್ಯಾಪಾರವೆಂದು ನಗು ಬರಬಹುದು. ಆದರೆ ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ; ಬೊಕ್ಕಸ ತುಂಬಿದ್ದವನು ಮಾತ್ರ ಕೊಡಬಹುದಾಗಿದ್ದ ಮೊತ್ತ.

ನಮ್ಮ ಸೀಮೆಯು ಅವನ ಕಥೆಯಲ್ಲಿ ಬರುವುದು ೧೬೯೦ರಲ್ಲಿ. ಆ ವರ್ಷ ಮೈಸೂರಿನ ಸೇನೆಯು ಇಕ್ಕೇರಿಯವರ ಅಧೀನದಲ್ಲಿದ್ದ ಕಡೂರು, ಸಖರಾಯಪಟ್ಟಣಗಳ ಕಡೆಗೆ ನಡೆಯಿತು. ೧೬೯೪ರಲ್ಲಿ ಎರಡು ರಾಜ್ಯಗಳ ನಡುವೆ ಒಪ್ಪಂದವಾಗಿ, ಈ ಬಯಲುಸೀಮೆಯ ಬಹುಭಾಗ ಮೈಸೂರಿಗೆ ಉಳಿಯಿತು. ತರೀಕೆರೆಯ ಕಡೆ ಮಾತ್ರ ಆಗ ಪಾಳೆಯಗಾರರ ಆಡಳಿತವಿದ್ದಿತು. ಅದು ಮೈಸೂರಿನ ಕೈಗೆ ಬಂದುದು ಮುಂದೆ ಹೈದರನ ಕಾಲದಲ್ಲಿ. ಕಡೂರು ಮಲೆನಾಡಿನ ಮಗ್ಗುಲಲ್ಲಿದ್ದರೂ ಮಳೆಯ ಮರೆಯ ನಾಡು. ಮೋಡಗಳು ಬಾಬಾಬುಡನ್‌ಗಿರಿಯ ಮೇಲೆಯೇ ಬಹುಪಾಲು ಸುರಿದು ಹಗುರಾಗಿ ಇತ್ತ ಬರುತ್ತವೆ. ಮದಗದ ಕೆರೆ, ಅಯ್ಯನಕೆರೆಗಳಂಥ ದೊಡ್ಡ ಕೆರೆಗಳ ಕೆಳಗೆ ಹಸುರು. ಉಳಿದೆಡೆ ರಾಗಿ ಬೆಳೆಯುವ ಹೊಲ ಮತ್ತು ಹುಲ್ಲು. ಆ ಹುಲ್ಲು ಗಿಡ್ಡನೆಯದಾದರೂ ಗಟ್ಟಿಯಾದುದು. ಅದನ್ನು ಮೇದು ಬೆಳೆದ ರಾಸಿನ ಗೊರಸೂ ಮೂಳೆಯೂ ಗಟ್ಟಿಯೆಂದು ನಮ್ಮ ರೈತರು ಇಂದಿಗೂ ಹೇಳುತ್ತಾರೆ.

ಇನ್ನು ಅವನ ಆಳ್ವಿಕೆಯ ಕತ್ತಲೆಯ ಭಾಗವನ್ನೂ ಹೇಳಬೇಕು. ಯುದ್ಧಕ್ಕೆ ಹಣ ಬೇಕು. ಹಣಕ್ಕೆ ತೆರಿಗೆ ಬೇಕು. ಬೆಳೆಯ ಆರನೆಯ ಒಂದು ಭಾಗವೆಂಬ ಪೂರ್ವದ ಪದ್ಧತಿಯನ್ನು ಬಹಿರಂಗವಾಗಿ ಮೀರಲು ಅವನಿಗೆ ಮನಸ್ಸಾಗಲಿಲ್ಲ. ಅದನ್ನು ಹಾಗೆಯೇ ಇರಿಸಿ, ಅದರ ಪಕ್ಕದಲ್ಲಿ ಹತ್ತಾರು ಸಣ್ಣ ಸಣ್ಣ ತೆರಿಗೆಗಳನ್ನು ಹೇರಿದನು. ಒಂದೊಂದಾಗಿ ನೋಡಿದರೆ ಹಗುರ. ಒಟ್ಟಾಗಿ ಹೊತ್ತಾಗ ಬೆನ್ನು ಮುರಿಯುವ ಭಾರ. ರೈತರು ಸಿಡಿದು ನಿಂತರು. ಅವರು ಮೊದಲು ಆಯುಧ ಹಿಡಿಯಲಿಲ್ಲ. ಹಳ್ಳಿಯ ಬಾಗಿಲಿನ ಮರಗಳಿಗೆ ನೇಗಿಲುಗಳನ್ನು ತಲೆಕೆಳಗಾಗಿ ತೂಗುಹಾಕಿ, ಇನ್ನು ನಾವು ಉಳುವುದಿಲ್ಲವೆಂದು ತಿಳಿಸಿದರು. ಇದನ್ನು ನಮಗೆ ಹೇಳುವವನು ವಿಲ್ಕ್ಸ್. ಅವನ ಮೈಸೂರು ಚರಿತ್ರೆಯ ಮೊದಲ ಸಂಪುಟ ಪ್ರಕಟವಾದುದು ೧೮೧೦ರಲ್ಲಿ. ಈ ಪ್ರತಿಭಟನೆಯ ಹಿಂದೆ ಜಂಗಮರ ಪ್ರೇರಣೆಯಿದೆಯೆಂದು ಶಂಕಿಸಿ, ಅರಸನು ಅವರನ್ನು ನಂಜನಗೂಡಿಗೆ ಕರೆಸಿಕೊಂಡು ನಾನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಿದನೆಂದೂ, ಏಳುನೂರು ಮಠಗಳನ್ನು ಹಾಳುಗೆಡಹಿಸಿದನೆಂದೂ ಅವನು ಬರೆಯುತ್ತಾನೆ. ಈ ವಿವರಗಳನ್ನು ಅಕ್ಷರಶಃ ಒಪ್ಪದ ವಿದ್ವಾಂಸರಿದ್ದಾರೆ. ಆದರೆ ರೈತರ ದಂಗೆ ಎದ್ದುದೂ, ಅದನ್ನು ಕಠೋರವಾಗಿ ಅಡಗಿಸಿದುದೂ ನಿಜ. ಅದರ ಬೆನ್ನಲ್ಲೇ, ೧೬೮೬ರ ಸುಮಾರಿಗೆ, ಆ ತೆರಿಗೆಗಳ ಹೊಣೆಯನ್ನು ಹೊತ್ತಿದ್ದ ವಿಶಾಲಾಕ್ಷ ಪಂಡಿತನು ಕೊಲೆಯಾದನು. ಹಂಗಳದ ದಿನಗಳ ಗೆಳೆಯನನ್ನು ಅರಸನು ಹೀಗೆ ಕಳೆದುಕೊಂಡನು. ತಿರುಮಲಾರ್ಯನು ಅವನ ಸ್ಥಾನಕ್ಕೆ ಬಂದನು.

ಚಿಕ್ಕದೇವರಾಜನು ಔರಂಗಜೇಬನ ಬಳಿಗೆ ಕರಣಿಕ ಲಿಂಗಣ್ಣಯ್ಯನ ನೇತೃತ್ವದಲ್ಲಿ ಒಂದು ರಾಯಭಾರವನ್ನು ಕಳುಹಿಸಿದನು; ಅದು ೧೭೦೦ರಲ್ಲಿ ಬಿರುದುಬಾವಲಿಗಳೊಡನೆ ಹಿಂದಿರುಗಿತು. ಮೊಗಲರ ಆಡಳಿತದ ಕ್ರಮವನ್ನು ಕೇಳಿ ತಿಳಿದು, ಅರಸನು ತನ್ನ ಸರ್ಕಾರವನ್ನು ಹದಿನೆಂಟು ಚಾವಡಿಗಳನ್ನಾಗಿ ವಿಂಗಡಿಸಿದನೆಂದು ಹೇಳುತ್ತಾರೆ. ಅಠಾರಾ ಕಚೇರಿ ಎಂಬ ಹೆಸರು ಈ ಹದಿನೆಂಟರಿಂದಲೇ ಬಂದುದು. ಸುಂಕಕ್ಕೆ ಒಂದು ಚಾವಡಿ. ಸೇನೆಯ ಲೆಕ್ಕಕ್ಕೆ ಒಂದು. ಅರಮನೆಯ ಖರ್ಚಿಗೆ ಒಂದು. ಅಂಚೆಗೂ ಒಂದು ಏರ್ಪಾಡಿದ್ದಿತು. ಅದರ ನೌಕರರು ಕಾಗದ ಮುಟ್ಟಿಸುವುದರ ಜೊತೆಗೆ ಊರೂರಿನ ಗುಟ್ಟನ್ನೂ ಅರಸನ ಕಿವಿಗೆ ಮುಟ್ಟಿಸುತ್ತಿದ್ದರು. ಈ ಚಾವಡಿಗಳ ಸಾಲಿನಲ್ಲಿ ಬೆಣ್ಣೆ ಚಾವಡಿ ಎಂಬ ಮೃದುವಾದ ಹೆಸರಿನದೂ ಒಂದು. ಅರಮನೆಗೆ ಹಾಲು, ಬೆಣ್ಣೆ, ತುಪ್ಪಗಳನ್ನು ಒದಗಿಸುವುದೂ, ಅರಸನ ಹಿಂಡುಗಳನ್ನು ಸಾಕಿ ತಳಿಯನ್ನು ಬೆಳೆಸುವುದೂ ಅದರ ಕೆಲಸ.

ಈ ಹಿಂಡುಗಳನ್ನು ಮೊತ್ತಮೊದಲು ಕೂಡಿಸಿದವನು ಇವನೇ ಅಲ್ಲ. ವಿಜಯನಗರದ ಕಾಲದಿಂದ ಶ್ರೀರಂಗಪಟ್ಟಣದಲ್ಲಿ ಒಳ್ಳೆಯ ಹಸುಗಳಿದ್ದುವು. ಚಾಮರಾಜ ಒಡೆಯ, ಕಂಠೀರವ ನರಸರಾಜ ಒಡೆಯ ಮೊದಲಾದ ಹಿಂದಿನ ಅರಸರೂ ಹಸುಗಳನ್ನು ಕೂಡಿಹಾಕಿ, ಕರುಹಟ್ಟಿ ಎಂಬ ಹೆಸರಿನಲ್ಲಿ ಸಾಕುತ್ತಿದ್ದರು. ಚಿಕ್ಕದೇವರಾಜನು ಮಾಡಿದುದು ಅದನ್ನು ಅರಸನ ಅಕ್ಕರೆಯ ಮಟ್ಟದಿಂದ ಎತ್ತಿ, ಒಂದು ಚಾವಡಿಯ ಲೆಕ್ಕಕ್ಕೆ ತಂದುದು. ನೋಡುವುದಕ್ಕೆ ಇದು ಸಣ್ಣ ಬದಲಾವಣೆ. ಅಕ್ಕರೆಯ ಮೇಲೆ ನಿಂತ ಹಟ್ಟಿಯು ಅಕ್ಕರೆಯುಳ್ಳವನು ಇರುವವರೆಗೆ ಇರುತ್ತದೆ. ಚಾವಡಿಗಾದರೋ ಒಬ್ಬ ಅಧಿಕಾರಿ, ಒಂದು ಕಡತ, ಕಾಯುವವರು, ಅವರ ಸಂಬಳ, ಎಲ್ಲಕ್ಕಿಂತ ಮಿಗಿಲಾಗಿ ಗೊತ್ತುಮಾಡಿದ ನೆಲ, ಇವು ಇರುತ್ತವೆ. ಒಬ್ಬ ಅರಸನು ಸತ್ತರೆ ಮತ್ತೊಬ್ಬನ ಕಾಲಕ್ಕೆ ಅದು ಮುಂದುವರಿಯುತ್ತದೆ.

ಆ ನೆಲವೇ ಕಾವಲು. ಅದನ್ನು ಬಳಸುತ್ತಿದ್ದ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದ ಗೆಜೆಟಿಯರಿನಲ್ಲಿ ರೈಸ್ ಅವರು ವಿವರಿಸಿದ್ದಾರೆ. ಕಾವಲುಗಳಲ್ಲಿ ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆ. ಮಳೆಗಾಲದಲ್ಲಿ ಹುಲ್ಲು ಎಲ್ಲೆಲ್ಲಿಯೂ ಇರುವುದರಿಂದ ಆಗ ಚಿಂತೆಯಿಲ್ಲ. ಬೇಸಗೆಯ ಕಾವಲು ಮಾತ್ರ ಅಮೂಲ್ಯವಾದುದು. ನೆರಳಿರುವ, ಕೆರೆಯ ತೇವ ಉಳಿದಿರುವ, ಎಲ್ಲೆಡೆ ನೆಲ ಬಿರಿದಾಗಲೂ ಒಂದಿಷ್ಟು ಹುಲ್ಲು ಸಿಗುವ ತಾಣ ಅದು. ಮಳೆಗಾಲದಲ್ಲಿ ಅಲ್ಲಿ ಒಂದು ಕರುವನ್ನೂ ಬಿಡದೆ ಕಾಯ್ದಿರಿಸಬೇಕು. ಹಾಗೆ ಕಾಯದಿದ್ದರೆ ಮಾರ್ಚಿ, ಏಪ್ರಿಲ್ ತಿಂಗಳಲ್ಲಿ ಹಿಂಡುಹಿಂಡೇ ಹಸಿವಿನಿಂದ ಸಾಯುತ್ತದೆ. ಆಗ ಯಾರ ಕರುಣೆಯೂ ಅದಕ್ಕೆ ಒದಗುವುದಿಲ್ಲ. ಈ ಭಾಗವನ್ನು ಓದುತ್ತಿದ್ದಾಗ ನಾನು ನಮ್ಮ ಆಶ್ರಯದ ಜಮಾಖರ್ಚನ್ನು ನೆನೆದೆ. ನಾವು ಹುಲ್ಲು ಕೊಳ್ಳುತ್ತಿದ್ದುದು ಮುಗಿದಾಗ, ಮುಗಿಯುತ್ತಿದ್ದುದು ಬೇಸಗೆಯಲ್ಲಿ, ಬೆಲೆ ಮೂರು ಪಟ್ಟಾಗುತ್ತಿದ್ದುದೂ ಆಗಲೇ.

ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಈ ಕಾವಲುಗಳು ಆಕಾಶದಿಂದ ಇಳಿದು ಬಂದುವಲ್ಲ. ಸುತ್ತಣ ಹಳ್ಳಿಗಳ ದನಗಳು ಮೇಯುತ್ತಿದ್ದ ಬಯಲಿನಲ್ಲಿ ಅರಸನು ತನ್ನ ಭಾಗವನ್ನು ಕಾದಿರಿಸಿಕೊಂಡನು. ಎಂದರೆ ಅರಮನೆಯ ಹಿಂಡನ್ನು ನಿಜವಾಗಿ ಸಾಕಿದವರು ಊರಿನವರೇ. ಅವರು ವಂತಿಗೆಯನ್ನು ಹಣದ ರೂಪದಲ್ಲಿ ಕೊಡದೆ ಹುಲ್ಲಿನ ರೂಪದಲ್ಲಿ ಕೊಟ್ಟರು. ಆದರೆ ಅವರನ್ನು ಯಾರೂ ಕೇಳಲಿಲ್ಲ. ಕೇಳಿ ಪಡೆದುದಕ್ಕೆ ವಂತಿಗೆ ಎಂದು ಹೆಸರು. ಕೇಳದೆ ತೆಗೆದುದಕ್ಕೆ ತೆರಿಗೆ ಎಂದು ಹೆಸರು. ಒಂದು ಕಡೆ ಬೆಣ್ಣೆ ಚಾವಡಿಯ ಗೂಳಿಗಳು ಕಾದಿಟ್ಟ ಹುಲ್ಲನ್ನು ಮೇದು ಕೊಬ್ಬುತ್ತಿದ್ದ ರಾಜ್ಯದಲ್ಲಿಯೇ, ಅದಕ್ಕೆ ಕೆಲವೇ ವರ್ಷಗಳ ಹಿಂದೆ, ಹಳ್ಳಿಯ ಬಾಗಿಲಲ್ಲಿ ನೇಗಿಲುಗಳು ತಲೆಕೆಳಗಾಗಿ ತೂಗುತ್ತಿದ್ದುವು. ಅವನ್ನು ಎಳೆಯಬೇಕಾಗಿದ್ದ ಎತ್ತುಗಳು ಹಟ್ಟಿಯಲ್ಲಿ ಸುಮ್ಮನೆ ನಿಂತಿದ್ದುವು. ಈ ಎರಡು ಚಿತ್ರಗಳನ್ನೂ ಒಟ್ಟಿಗೆ ಇರಿಸಿಕೊಂಡು ನೋಡಿದರೆ ಮಾತ್ರ ಚಿಕ್ಕದೇವರಾಜನು ಪೂರ್ತಿಯಾಗಿ ಕಾಣುತ್ತಾನೆ.

ಅವನನ್ನು ಲೋಭಿಯೆಂದವರುಂಟು. ದಿನವೂ ಬೆಳಗ್ಗೆ ಸಾವಿರ ಸಾವಿರ ವರಹಗಳ ಎರಡು ಚೀಲಗಳು ಬೊಕ್ಕಸಕ್ಕೆ ಸೇರುವವರೆಗೆ ಅವನು ಊಟ ಮಾಡುತ್ತಿರಲಿಲ್ಲವೆಂಬ ಕಥೆ ಪ್ರಸಿದ್ಧವಾಗಿದೆ. ನವಕೋಟಿನಾರಾಯಣನೆಂಬ ಹೆಸರು ಅವನಿಗೆ ಬಂದುದು ಹೀಗೆ. ಆದರೆ ಲೋಭಿಯು ಕೂಡಿಟ್ಟುದನ್ನು ಹೂಳುತ್ತಾನೆ. ಇವನು ಕೂಡಿಟ್ಟುದರಲ್ಲಿ ಒಂದು ಪಾಲನ್ನು ಕಾವೇರಿಯ ನೀರನ್ನು ಹೊಲಕ್ಕೆ ತಿರುಗಿಸುವುದಕ್ಕೆ ವೆಚ್ಚಮಾಡಿದನು. ಶ್ರೀರಂಗಪಟ್ಟಣದ ಸುತ್ತ ಇಂದಿಗೂ ಗದ್ದೆಗಳಿಗೆ ನೀರುಣಿಸುವ ನಾಲೆಯೊಂದು ಅವನ ಹೆಸರನ್ನು ಹೊತ್ತಿದೆ. ನಾಳೆ ಬೇಕಾಗುವುದನ್ನು ಇಂದೇ ತೆಗೆದಿರಿಸಬೇಕೆಂಬ ಒಂದೇ ಬುದ್ಧಿಯು ಅವನ ಬೊಕ್ಕಸದಲ್ಲಿಯೂ, ನಾಲೆಯಲ್ಲಿಯೂ, ಬೇಸಗೆಯ ಕಾವಲಿನಲ್ಲಿಯೂ ಕೆಲಸ ಮಾಡಿತು. ತೆಗೆದಿರಿಸುವುದು ಯಾರ ತಟ್ಟೆಯಿಂದ ಎಂಬ ಪ್ರಶ್ನೆಯನ್ನು ಮಾತ್ರ ಅವನು ಕೇಳಿಕೊಳ್ಳಲಿಲ್ಲ. ಅಥವಾ ಕೇಳಿಕೊಂಡುದು ತಡವಾಯಿತು.

ಅವನು ೧೭೦೪ರ ನವೆಂಬರಿನಲ್ಲಿ ತೀರಿಕೊಂಡನು. ಮೂವತ್ತೊಂದು ವರ್ಷಗಳ ಆಳ್ವಿಕೆ. ಪಟ್ಟಕ್ಕೆ ಬಂದ ಮಗ ಇಮ್ಮಡಿ ಕಂಠೀರವನಿಗೆ ಮಾತು ಬಾರದು, ಕಿವಿ ಕೇಳದು. ಜನ ಅವನನ್ನು ಮೂಕರಸು ಎಂದರು. ಅಲ್ಲಿಂದ ಮುಂದೆ ಅಧಿಕಾರವು ದಳವಾಯಿಗಳ ಕೈಗೆ ಜಾರಿತು. ಅವರಿಂದ ಹೈದರಾಲಿಯ ಕೈಗೆ ಹೋಯಿತು. ಅಪ್ರತಿಮವೀರನೆಂದು ಕರೆಸಿಕೊಂಡವನ ವಂಶದ ಬಲವು ಎರಡು ತಲೆಮಾರಿನೊಳಗೆ ಕುಗ್ಗಿತು. ಆದರೆ ಬೆಣ್ಣೆ ಚಾವಡಿಯು ಕುಗ್ಗಲಿಲ್ಲ.

ಹೈದರನು ಆ ಹಿಂಡುಗಳಲ್ಲಿ ಬೆಣ್ಣೆಗಿಂತ ಹೆಚ್ಚಾಗಿ ಯುದ್ಧದ ಸಾಮಗ್ರಿಯನ್ನು ಕಂಡನು. ಹಾಗಲವಾಡಿಯ ಪಾಳೆಯಗಾರರ ದನಗಳು ಅವಕ್ಕೆ ಸೇರಿದುವು. ಆ ಎತ್ತುಗಳು ಅವನ ಫಿರಂಗಿಗಳನ್ನು ಎಳೆದುವು. ಅವುಗಳ ನಡಿಗೆ ಕಾಲಾಳುಗಳ ನಡಿಗೆಗಿಂತ ಬಿರುಸೆಂದು ಇಂಗ್ಲಿಷರೇ ಬರೆದಿಟ್ಟರು. ಟಿಪ್ಪುವು ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟು, ಅದರ ನಿರ್ವಹಣೆಗಾಗಿ ವಿವರವಾದ ಹುಕುಂನಾಮೆಯನ್ನು ಹೊರಡಿಸಿದನು. ಅವನ ತರುವಾಯ ಬಂದ ಇಂಗ್ಲಿಷ್ ಅಧಿಕಾರಿಗಳು ಅದರ ಬಹುಭಾಗವನ್ನು ಹಾಗೆಯೇ ಪಾಲಿಸಿದರು. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಈ ಹಸುಗಳು ಹೆಚ್ಚು ಹಾಲು ಕೊಡುವಂಥವಲ್ಲ ಎಂಬುದೊಂದು ವಿನೋದ. ಇರುವ ಹಾಲನ್ನು ಕರುವಿಗೇ ಬಿಡುತ್ತಿದ್ದರು. ಕರು ಗಟ್ಟಿಯಾದರೆ ಎತ್ತು ಗಟ್ಟಿ.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಕೆಲವು ಕಾಲ ಗಮನವಿಲ್ಲದೆ ಕ್ಷೀಣಿಸಿದುವು. ೧೮೧೩ರಲ್ಲಿ ಮದರಾಸಿನ ಸೇನೆಯ ಹಾರ್ವೆ ಎಂಬ ಅಧಿಕಾರಿಯು ಅವನ್ನು ವಹಿಸಿಕೊಂಡಾಗ ಮತ್ತೆ ಚೇತರಿಸಿಕೊಂಡುವು. ೧೮೬೦ರಲ್ಲಿ ಮದರಾಸಿನ ಗವರ್ನರಾಗಿದ್ದ ಟ್ರೆವೆಲ್ಯನ್ ಅವರು ಮಿತವ್ಯಯದ ಹೆಸರಿನಲ್ಲಿ ಇಲಾಖೆಯನ್ನೇ ಮುಚ್ಚಿಸಿ ಹಿಂಡುಗಳನ್ನು ಮಾರಿಸಿದರು. ಕೆಲವೇ ವರ್ಷಗಳಲ್ಲಿ ಸೇನೆಗೆ ಒಳ್ಳೆಯ ಎತ್ತುಗಳು ಸಿಗದಂತಾಗಿ ಆ ಉಳಿತಾಯದ ಬೆಲೆ ತಿಳಿಯಿತು. ೧೮೬೬ರಲ್ಲಿ ಅದನ್ನು ಮತ್ತೆ ಸ್ಥಾಪಿಸಬೇಕಾಯಿತು. ಮುಂದೆ ಅದು ಮೈಸೂರು ಸಂಸ್ಥಾನಕ್ಕೂ, ಕೊನೆಗೆ ಇಂದಿನ ಸರ್ಕಾರದ ಪಶುಸಂಗೋಪನಾ ಇಲಾಖೆಗೂ ಬಂದಿತು. ನಡುವಿನ ಕಾಲದಲ್ಲಿ ಕಾವಲುಗಳ ಬಹುಭಾಗ ಬೇರೆ ಬೇರೆ ಉದ್ದೇಶಗಳಿಗೆ ಕರಗಿಹೋಯಿತು. ಉಳಿದುದರಲ್ಲಿ ನಮ್ಮ ಸೀಮೆಯ ಪಾಲು ಗಣ್ಯವಾದುದು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ೨೦೧೧ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅರಸನ ಎತ್ತಿಗಾಗಿ ಕಾದಿರಿಸಿದ ಹುಲ್ಲಿನಲ್ಲಿ ಇಂದು ಕೃಷ್ಣಮೃಗಗಳೂ ಮೇಯುತ್ತವೆ. ಅಜ್ಜಂಪುರದ ಬಳಿಯ ಅಂತರಘಟ್ಟೆಯ ಜಾತ್ರೆಗೆ ಪಾನಕದ ಬಂಡಿಗಳನ್ನು ಕಟ್ಟಿಕೊಂಡು ಓಡುವ ಎತ್ತುಗಳನ್ನು ನೋಡಿದವರಿಗೆ ಈ ನೆಲದವರಿಗೂ ಎತ್ತಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ರಾತ್ರಿಗಳ ಓದಿನಿಂದ ನನಗೆ ದೊರೆತುದು ಇಷ್ಟು. ಚಿಕ್ಕದೇವರಾಜನು ಕರುಣಾಳುವಾಗಿದ್ದನೋ ಇಲ್ಲವೋ ನಾನು ಹೇಳಲಾರೆ. ನಂಜನಗೂಡಿನ ಕಥೆಯಲ್ಲಿ ಅರ್ಧ ನಿಜವಾಗಿದ್ದರೂ ಆ ಮಾತನ್ನು ಅವನಿಗೆ ಸಲ್ಲಿಸಲು ನಾಲಗೆ ಏಳುವುದಿಲ್ಲ. ಅವನಲ್ಲಿದ್ದುದು ಮುಂಗಂಡು ನಡೆಯುವ ಗುಣ. ನಮ್ಮ ಆಶ್ರಯದಲ್ಲಿ ಕರುಣೆಗೆ ಬಡತನವಿಲ್ಲ. ಹಬ್ಬದ ದಿನ ಬಾಳೆಹಣ್ಣು ತಂದು ಹಸುವಿಗೆ ತಿನ್ನಿಸಿ ಕೈಮುಗಿಯುವವರು ನೂರಾರು ಮಂದಿ. ಆಷಾಢದಲ್ಲಿ ಬಂದು, ಚೈತ್ರದ ಹುಲ್ಲಿಗೆ ಏನು ಮಾಡಿದ್ದೀರಿ ಎಂದು ಕೇಳುವವರಿಲ್ಲ. ನಾನೂ ಕೇಳಿರಲಿಲ್ಲ. ಅರಸನಲ್ಲಿದ್ದ ಆ ಮುಂದಾಲೋಚನೆ ನಮಗೆ ಬೇಕು. ಅವನಲ್ಲಿಲ್ಲದ ಇನ್ನೊಂದೂ ಬೇಕು. ಅದು, ಕೊಡುವವನನ್ನು ಕೇಳಿ ಪಡೆಯುವ ವಿನಯ.

ಮೂರನೆಯ ದಿನ ಆ ರೈತನು ಬಂದನು. ನಮ್ಮ ಹಿರಿಯರು ಕೆಲವರು ಅವನನ್ನು ಹಿಂದಕ್ಕೆ ಕಳುಹಿಸುವುದೇ ಸರಿಯೆಂದಿದ್ದರು. ಮೊದಲ ದಿನ ನಾನೂ ಅವರ ಕಡೆಯೇ ಇದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು. ಈ ಸಲ ನಾನು ಜಮಾಖರ್ಚಿನ ಪುಸ್ತಕವನ್ನು ಅವನ ಮುಂದೆ ಬಿಚ್ಚಿಟ್ಟು, ಇರುವ ಹುಲ್ಲೆಷ್ಟು, ತಿನ್ನುವ ಬಾಯಿಗಳೆಷ್ಟು ಎಂಬುದನ್ನು ಓದಿ ಹೇಳಿದೆ. ಅವನಿಗೆ ಲೆಕ್ಕ ನನಗಿಂತ ಬೇಗ ತಿಳಿಯಿತು. ಹಣ ಕೊಡುವುದು ತನ್ನಿಂದ ಆಗದೆಂದೂ, ರಾಗಿಯ ಕೊಯ್ಲಾದ ಮೇಲೆ ಒಂದು ಗಾಡಿ ಹುಲ್ಲನ್ನು ತಂದು ಹಾಕುವೆನೆಂದೂ, ತನ್ನ ಊರಿನ ಇನ್ನು ಕೆಲವರಿಗೂ ಹೇಳುವೆನೆಂದೂ ತಾನಾಗಿಯೇ ಒಪ್ಪಿದನು. ಎತ್ತುಗಳನ್ನು ಒಳಕ್ಕೆ ಬಿಟ್ಟುಕೊಂಡೆವು. ಅವುಗಳಲ್ಲಿ ಒಂದು ಆ ಬೇಸಗೆಯನ್ನು ಕಳೆಯಲಿಲ್ಲ. ಇನ್ನೊಂದು ಈಗಲೂ ಇದೆ.

ಸಂಕ್ರಾಂತಿ ಕಳೆದ ವಾರ ಅವನ ಊರಿನಿಂದ ಐದು ಗಾಡಿ ರಾಗಿಹುಲ್ಲು ಬಂದಿತು. ಅದನ್ನು ಬಣವೆ ಒಟ್ಟಿಸಿ, ಯುಗಾದಿಯವರೆಗೆ 
ಒಂದು ಕಂತೆಯನ್ನೂ ತೆಗೆಯಬಾರದೆಂದು ನಿರ್ಣಯ ಮಾಡಿದೆವು. ಜಮಾಖರ್ಚಿನ ಪುಸ್ತಕದಲ್ಲಿ ರೂಪಾಯಿಯ ಅಂಕಣದ ಎಡಗಡೆಗೆ ನಾನೊಂದು ಹೊಸ ಗೆರೆ ಎಳೆದು, ಹುಲ್ಲು ಎಂದು ತಲೆಬರಹ ಬರೆದು, ಅದರ ಕೆಳಗೆ ಕೊಟ್ಟವರ ಹೆಸರುಗಳನ್ನು ಒಂದೊಂದಾಗಿ ಬರೆದೆ. ಬೆಣ್ಣೆ ಚಾವಡಿಯ ಕಡತಗಳಲ್ಲಿ ಆ ಹೆಸರುಗಳಿಗೆ ಜಾಗವಿದ್ದಿರಲಾರದು.